ಬಿಡುಗಡೆಯ ದಿನದ ಊಟ

ಗುಲಾಮರ ಬಿಡುಗಡೆ ಎಂದೊಡನೆ ನಮಗೆ ಲಿಂಕನ್ ಮಹಾಶಯನ ನೆನಪಾಗುತ್ತದೆ. ಚರಿತ್ರೆಯ ಪರೀಕ್ಷೆಗೆ ಅಷ್ಟು ಸಾಕು. ಎಲಿಜಬೆತ್ ಕೆಕ್ಲಿಯ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ತಾನೇ ಗುಲಾಮಳಾಗಿದ್ದ ಈಕೆ 1855ರಲ್ಲಿ 1,200 ಡಾಲರು ತೆತ್ತು ತನ್ನನ್ನೂ ಮಗನನ್ನೂ ಬಿಡಿಸಿಕೊಂಡಳು; ಮುಂದೆ ಲಿಂಕನ್ನನ ಪತ್ನಿಗೆ ಉಡುಪು ಹೊಲಿಯುವವಳಾದಳು. ಅಂತರ್ಯುದ್ಧದ ಕಾಲದಲ್ಲಿ ಒಡೆಯರಿಂದ ತಪ್ಪಿಸಿಕೊಂಡ ಸಾವಿರಾರು ಜನ ವಾಷಿಂಗ್‌ಟನ್ ನಗರವನ್ನು ಸೇರಿದರು. ಅವರಿಗೆ ಊಟವಿಲ್ಲ, ಹೊದಿಕೆಯಿಲ್ಲ. 1862ರ ಆಗಸ್ಟಿನಲ್ಲಿ ಕೆಕ್ಲಿ ತನ್ನ ಜನರನ್ನೇ ಕೂಡಿಸಿ ಪರಿಹಾರ ಸಂಘವೊಂದನ್ನು ಕಟ್ಟಿದಳು. ಸರ್ಕಾರದ ಪರಿಹಾರ ಇಲಾಖೆ ಹುಟ್ಟಿದ್ದು 1865ರ ಮಾರ್ಚಿನಲ್ಲಿ! ನಡುವಿನ ಚಳಿಗಾಲಗಳನ್ನು ಆ ಜನ ಕಳೆದದ್ದು ಇಂತಹ ಸಂಘಗಳ ಕಂಬಳಿಯನ್ನೂ ಹೊದ್ದು.

ದೂರದ ಈ ಕಥೆಯನ್ನು ಹೇಳಲು ಕಾರಣವುಂಟು. ನಮ್ಮಲ್ಲಿ ಯುದ್ಧವಿಲ್ಲದೆಯೇ ಜೀತವಿತ್ತು. 1975ರ ಸುಗ್ರೀವಾಜ್ಞೆ, 1976ರ ಕಾಯಿದೆ ಅದನ್ನು ರದ್ದುಮಾಡಿದವು. ಜೀತದ ಸಾಲವೂ ರದ್ದಾಯಿತು. ಆದರೂ ಜೀತದಿಂದ ಬಿಡಿಸಿದವರ ಸುದ್ದಿಯನ್ನು ಪತ್ರಿಕೆಗಳಲ್ಲಿ ಇಂದಿಗೂ ಓದುತ್ತೇವೆ. ವಯಸ್ಕ ಪುರುಷನಿಗೆ ಪುನರ್ವಸತಿಗಾಗಿ 1 ಲಕ್ಷ ರೂಪಾಯಿ ಗೊತ್ತಾಗಿದೆ. ತಕ್ಷಣದ ನೆರವು 30,000 ರೂಪಾಯಿಯವರೆಗೆ. ಪೂರ್ಣ ಹಣಕ್ಕೆ ನ್ಯಾಯಾಲಯದ ದಾರಿ ಕಾಯಬೇಕು. ಗುಬ್ಬಿ, ಕುಣಿಗಲ್ ತಾಲ್ಲೂಕುಗಳೆರಡೂ ತುಮಕೂರು ಉಪವಿಭಾಗಕ್ಕೆ ಸೇರಿದವಾದ್ದರಿಂದ ಅಲ್ಲಿ ಜೀತ ಬಿಟ್ಟವನು ವಿಚಾರಣೆಗೆ, ಬಿಡುಗಡೆ ಪತ್ರಕ್ಕೆ ಈ ಊರಿನತ್ತಲೇ ಮುಖಮಾಡಬೇಕು. ಒಡೆಯನ ಕೊಟ್ಟಿಗೆಯೇ ಮನೆಯಾಗಿದ್ದವನು ಆ ರಾತ್ರಿ ಎಲ್ಲಿ ಮಲಗಬೇಕು? ಮುದ್ದೆಗೆ ಹಿಟ್ಟೆಲ್ಲಿ? ಬಸ್ಸಿನ ಛಾರ್ಜೆಲ್ಲಿ? ಬೇರೊಬ್ಬನ ಬಳಿ ಮುಂಗಡ ಹಿಡಿದರೆ ಪುನಃ ಜೀತವೇ.

ದಾನಧರ್ಮಕ್ಕೆ ಕೈಹಾಕಿದರೆ ಸರ್ಕಾರ ತನ್ನ ಹೊಣೆಯನ್ನು ಮರೆಯುತ್ತದೆ ಎಂದು ಕೆಲವು ಮಿತ್ರರು ವಾದಿಸುತ್ತಾರೆ. ಚರ್ಚಾಕೂಟದಲ್ಲಿ ಈ ವಾದಕ್ಕೆ ಬಹುಮಾನ ಬಂದರೂ ಆಶ್ಚರ್ಯವಿಲ್ಲ. ಹೊಣೆ ಸರ್ಕಾರದ್ದೇ, ಸಂದೇಹವಿಲ್ಲ. ಅರ್ಜಿ ಬರೆದುಕೊಟ್ಟು, ಕಚೇರಿಗೆ ಜೊತೆಯಲ್ಲಿ ನಡೆದು ಅದನ್ನು ನೆನಪಿಸೋಣ. ಆದರೆ ಕಡತ ಮೇಜಿನಿಂದ ಮೇಜಿಗೆ ಹೋಗುವವರೆಗೆ ಹಸಿವು ತಡೆಯದು. ಸಿದ್ಧಗಂಗೆಯ ದಾಸೋಹದಲ್ಲಿ ಉಂಡು ಓದಿದವರಿರುವ ಈ ಊರಿನಲ್ಲಿ ಇದನ್ನು ವಿವರಿಸಬೇಕಾಗಿಲ್ಲ.

ಆದಕಾರಣ ನನ್ನ ಸೂಚನೆ ಇಷ್ಟೆ. ವಾರ್ಷಿಕೋತ್ಸವದ ಖರ್ಚಿನಲ್ಲಿ ಒಂದು ಪಾಲನ್ನು ಉಳಿಸಿ ಕಾಲೇಜಿನಲ್ಲಿ ಸಣ್ಣದೊಂದು ನಿಧಿಯನ್ನಿಡೋಣ: ಬಿಡುಗಡೆಯಾದ ಕುಟುಂಬಕ್ಕೆ ಒಂದು ತಿಂಗಳ ರಾಗಿ, ಎರಡು ಕಂಬಳಿ, ಕಚೇರಿಗೆ ಬಂದುಹೋಗುವ ಖರ್ಚು. ಗುಬ್ಬಿ, ಕುಣಿಗಲ್ ಕಡೆಯಿಂದ ಬರುವ ವಿದ್ಯಾರ್ಥಿಗಳು ಅದನ್ನು ಮುಟ್ಟಿಸಲಿ. ಲೆಕ್ಕವನ್ನು ಅರ್ಥಶಾಸ್ತ್ರದ ಅಧ್ಯಾಪಕರು ನೋಡಿಕೊಳ್ಳಲಿ. ಕೊಟ್ಟದ್ದನ್ನು ಯಾರ ಹೆಸರಿನಲ್ಲಿಯೂ ಸಾಲವೆಂದು ಬರೆಯಕೂಡದು.