ಮೊಣಕಾಲ ಚಿಪ್ಪು ಒಡೆದರೆ ತಂತಿಯೋ, ಸ್ಕ್ರೂವೋ, ಪ್ಲೇಟೋ?



ಬಂಡಿಯಿಂದ ಜಾರಿ, ಇಲ್ಲವೇ ಅಕ್ಕಲಕೋಟೆ–ಸೊಲ್ಲಾಪುರ ರಸ್ತೆಯಲ್ಲಿ ಮೋಟಾರ್ ಸೈಕಲ್‌ನಿಂದ ಬಿದ್ದು ಮೊಣಕಾಲ ಚಿಪ್ಪು ಒಡೆದರೆ, 'ಯಾವ ಆಪರೇಶನ್ ಒಳ್ಳೆಯದು?' ಎಂಬ ಪ್ರಶ್ನೆ ಏಳುತ್ತದೆ. ದುಬಾರಿಯದೇ ಒಳ್ಳೆಯದೆಂಬ ಭಾವನೆ ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ತುಂಡುಗಳು ಸರಿದಿರದೆ, ಕಾಲನ್ನು ನೆಟ್ಟಗೆ ಎತ್ತಲು ಬಂದರೆ ಪ್ಲಾಸ್ಟರೇ ಸಾಕಾಗಬಹುದು. ಚಿಪ್ಪು ಅಡ್ಡಲಾಗಿ ಎರಡು ತುಂಡಾಗಿ ಸರಿದಿದ್ದರೆ, ಎರಡು ಉಕ್ಕಿನ ಸರಳು ತೂರಿಸಿ ಮುಂಭಾಗದಲ್ಲಿ 8ರ ಆಕಾರದಲ್ಲಿ ತಂತಿ ಬಿಗಿಯುವುದು ಹಳೆಯ, ಅಗ್ಗದ, ನಂಬಿಕೆಯ ಪದ್ಧತಿ. ಮೊಣಕಾಲು ಮಡಚಿದಾಗ ಆ ತಂತಿ ತುಂಡುಗಳನ್ನು ಒಂದಕ್ಕೊಂದು ಒತ್ತುತ್ತದೆ. ಆದರೆ ಸರಳಿನ ತುದಿ ಚರ್ಮಕ್ಕೆ ಚುಚ್ಚುವುದುಂಟು. ಮೂಳೆ ಕೂಡಿದ ಬಳಿಕ ಹಲವರು ಅದನ್ನು ತೆಗೆಸಬೇಕಾಗುತ್ತದೆ. ಟೊಳ್ಳು ಸ್ಕ್ರೂ ಹಾಕಿ ಅದರೊಳಗೆ ತಂತಿ ಪೋಣಿಸಿದರೆ ಈ ಕಾಟ ಕಡಿಮೆ, ಖರ್ಚು ಹೆಚ್ಚು. ಚೂರುಚೂರಾದ ಚಿಪ್ಪಿಗೆ ಪ್ಲೇಟು ಬೇಕಾಗಬಹುದು. ಇಡೀ ಚಿಪ್ಪನ್ನೇ ತೆಗೆದರೆ ಕಾಲು ಚಾಚುವ ಬಲ ಕುಗ್ಗುತ್ತದೆ. ಅದು ಕೊನೆಯ ದಾರಿ.

ಲೋಹಕ್ಕಿಂತ ಮುಖ್ಯವಾದದ್ದು ಸಮಯ ಮತ್ತು ವ್ಯಾಯಾಮ. ನಾಟಿ ಪಟ್ಟು ಕಟ್ಟಿಸಿ ವಾರಗಟ್ಟಲೆ ಕೂತರೆ ತುಂಡುಗಳನ್ನು ಕೂಡಿಸುವುದು ಕಷ್ಟವಾಗುತ್ತದೆ. ಅಕ್ಕಲಕೋಟೆಯಿಂದ ಸುಮಾರು 40 ಕಿ.ಮೀ. ದೂರದ ಸೊಲ್ಲಾಪುರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ದೊಡ್ಡಾಸ್ಪತ್ರೆ ಇದೆ. ಹೋಗುವಾಗ ರೇಶನ್ ಕಾರ್ಡ್ ಒಯ್ಯಿರಿ. ಮಹಾತ್ಮಾ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆಯ ನೆರವು ಸಿಗುವುದೇ ಎಂದು ವಿಚಾರಿಸಿರಿ.

ಆಪರೇಶನ್ ಆದ ಮೇಲೆ, 'ಕಾಲು ಯಾವಾಗಿನಿಂದ ಮಡಚಲಿ?' ಎಂದು ವೈದ್ಯರನ್ನು ತಪ್ಪದೆ ಕೇಳಿರಿ. ಅವರು ಹೇಳಿದಂತೆಯೇ ದಿನವೂ ಮಾಡಿರಿ. ಕುಕ್ಕರುಗಾಲಲ್ಲಿ ಕೂತು ಜೋಳದ ಹೊಲದ ಕಳೆ ತೆಗೆಯುವವರಿಗೆ ಮಡಚದ ಮೊಣಕಾಲೆಂದರೆ ಅರ್ಧ ದುಡಿಮೆ ಹೋದಂತೆ.