ಹಾಸ್ಯಗಾರನ 20 ಎಕರೆ

ಟಿ.ಎನ್. ಬಾಲಕೃಷ್ಣ ಅವರನ್ನು ‘ಹಾಸ್ಯನಟ’ ಎಂದು ಕರೆದು ಕೈತೊಳೆದುಕೊಳ್ಳುವುದನ್ನು ನಾವು ನಿಲ್ಲಿಸಬೇಕು. ಮೇಲುನೋಟಕ್ಕೆ ಅದು ಮೆಚ್ಚುಗೆಯ ಮಾತು. ಬಳಕೆಯಲ್ಲಿ ಅದು ಪಂಕ್ತಿಭೇದ. ನಾಯಕನಿಗೆ ನಡುಮನೆಯಲ್ಲಿ ಎಲೆ, ನಗಿಸಿದವನಿಗೆ ಜಗಲಿಯಲ್ಲಿ.

ನಾನು ಚಿತ್ರದುರ್ಗದವನು. ಹೊರಗಿನಿಂದ ಬರುವ ಗೆಳೆಯರು ಜೋಗಿಮಟ್ಟಿ ಹತ್ತಿ, ಗಾಳಿ ಕುಡಿದು ಇಳಿದ ಮೇಲೆ ಕೋಟೆಗೆ ಬರುತ್ತಾರೆ. ಅಲ್ಲಿ ಓಬವ್ವನ ಕಿಂಡಿಯ ಜೊತೆಗೇ ಕೇಳುವ ಪ್ರಶ್ನೆ, ರಾಮಾಚಾರಿ ಓಡಾಡಿದ ಬಂಡೆ ಯಾವುದು ಎಂದು. ತ.ರಾ.ಸು. ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ 1972ರ ‘ನಾಗರಹಾವು’ ವಿಷ್ಣುವರ್ಧನ್ ಅವರನ್ನು ನಮ್ಮೂರ ಹುಡುಗನನ್ನಾಗಿ ಮಾಡಿಬಿಟ್ಟಿದೆ. ನನಗೂ ಆ ಹೆಮ್ಮೆಯಿದೆ. 2009ರ ಡಿಸೆಂಬರಿನಲ್ಲಿ ಅವರ ಅಂತ್ಯಸಂಸ್ಕಾರ ನಡೆದದ್ದು ಬೆಂಗಳೂರಿನ ಅಭಿಮಾನ್ ಸ್ಟುಡಿಯೊದಲ್ಲಿ. ಅಲ್ಲಿದ್ದ ಸ್ಮಾರಕವನ್ನು 2025ರ ಆಗಸ್ಟಿನಲ್ಲಿ ಕೆಡವಿದಾಗ ಇಲ್ಲಿನ ಹುಡುಗರಿಗೆ ಬಂದ ಸಿಟ್ಟು ನನಗೆ ಅರ್ಥವಾಯಿತು.

ಅರ್ಥವಾಗದೇ ಹೋದದ್ದು ಇನ್ನೊಂದು. ಆ ನೆಲದಲ್ಲಿ ಸ್ಟುಡಿಯೊ ಕಟ್ಟಲು ಹೊರಟವರು ಯಾರು, ಯಾಕೆ ಹೊರಟರು ಎಂದು ನನ್ನೊಡನೆ ಮಾತಾಡಿದವರಲ್ಲಿ ಒಬ್ಬರೂ ಕೇಳಲಿಲ್ಲ. ಬಾಲಕೃಷ್ಣ ಎಂಬ ಹೆಸರು ಬರುತ್ತಿತ್ತು, ನಿಜ. ಜಮೀನಿನ ಕಾಗದಪತ್ರದ ಹೆಸರಾಗಿ ಬರುತ್ತಿತ್ತು. ಕಲಾವಿದನ ಹೆಸರಾಗಿ ಬರಲಿಲ್ಲ.

ಅರಸೀಕೆರೆಯಲ್ಲಿ 1911ರಲ್ಲಿ ಹುಟ್ಟಿದ ಈ ಮನುಷ್ಯನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಸಿನಿಮಾ ಓದುತ್ತಿರುವ ವಿದ್ಯಾರ್ಥಿಗಳು ಈ ವಾಕ್ಯವನ್ನು ಸುಮ್ಮನೆ ದಾಟಬಾರದು. ಮಾತೇ ಬಂಡವಾಳವಾದ ಕಂಪನಿ ನಾಟಕಗಳಿಂದ ಬಂದು, 1943ರ ‘ರಾಧಾರಮಣ’ದಿಂದ ತೊಡಗಿ 500ಕ್ಕೂ ಹೆಚ್ಚು ಚಿತ್ರಗಳಲ್ಲಿ ಅವರು ಅಭಿನಯಿಸಿದರು. ಎದುರಿನವರ ತುಟಿಯ ಚಲನೆ ನೋಡಿ ಮಾತು ಹಿಡಿಯಬೇಕು, ತಕ್ಕ ಗಳಿಗೆಗೆ ಉತ್ತರ ಕೊಡಬೇಕು. ಗಂಭೀರ ದೃಶ್ಯದಲ್ಲಿ ಅರೆಗಳಿಗೆ ತಡವಾದರೆ ಅದನ್ನು ಭಾವ ಎಂದು ಒಪ್ಪಿಸಬಹುದು. ಹಾಸ್ಯದಲ್ಲಿ ತಡವಾದರೆ ನಗುವೇ ಹುಟ್ಟುವುದಿಲ್ಲ. ‘ಬಂಗಾರದ ಮನುಷ್ಯ’ವೂ 1972ರದ್ದೇ. ಅದರಲ್ಲಿ ಬಾಲಕೃಷ್ಣ ಅವರ ರಾಚೂಟಪ್ಪನನ್ನು ತೆಗೆದುಹಾಕಿ ನೋಡಿ. ರಾಜೀವನ ಆದರ್ಶಕ್ಕೆ ಊರಿನ ಮಣ್ಣಿನ ವಾಸನೆಯೇ ಇರುವುದಿಲ್ಲ. ಒಂದೇ ವರ್ಷದ ಎರಡು ಪಾತ್ರಗಳು. ರಾಮಾಚಾರಿಯ ಹೆಸರಿಗೆ ಬಂಡೆ ಸಿಕ್ಕಿತು. ರಾಚೂಟಪ್ಪನಿಗೆ ವಿಮರ್ಶೆಯ ಕೊನೆಯಲ್ಲಿ ‘ಉಳಿದಂತೆ’ ಎಂದು ಶುರುವಾಗುವ ಸಾಲು ಸಿಕ್ಕಿತು.

ಇದು ಮೊದಲಿನಿಂದ ಹೀಗಿರಲಿಲ್ಲ. ವೃತ್ತಿರಂಗಭೂಮಿಯಲ್ಲಿ ಹಾಸ್ಯಗಾರನೇ ಯಜಮಾನನಾಗಿದ್ದ ಕಾಲವಿತ್ತು. ಗುಬ್ಬಿ ಕಂಪನಿಯ ಒಡೆಯರಾದ ವೀರಣ್ಣ ಜನರ ಮನಸ್ಸು ಗೆದ್ದದ್ದು ‘ಸದಾರಮೆ’ಯ ಕಳ್ಳನಾಗಿ. ಹಿರಣ್ಣಯ್ಯ ಮಿತ್ರ ಮಂಡಳಿಯನ್ನು ತಂದೆಯ ನಂತರ ನಡೆಸಿದ ಮಾಸ್ಟರ್ ಹಿರಣ್ಣಯ್ಯ ‘ಲಂಚಾವತಾರ’ದಲ್ಲಿ ಅಧಿಕಾರಸ್ಥರನ್ನು ಸಾವಿರಾರು ಪ್ರೇಕ್ಷಕರ ಮುಂದೆ ನಿಲ್ಲಿಸಿ ಬೆವರಿಳಿಸಿದರು. ಆ ದಿನದ ಪತ್ರಿಕೆಯ ಸುದ್ದಿ ಆ ರಾತ್ರಿಯ ಮಾತಾಗುತ್ತಿತ್ತು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ, ಏಕೆಂದರೆ ಪರದೆಯ ಹಗ್ಗ ಅವರ ಕೈಯಲ್ಲೇ ಇತ್ತು. ಸಿನಿಮಾ ಹಾಸ್ಯಗಾರನ ಕೈಯಿಂದ ಆ ಹಗ್ಗವನ್ನು ಕಸಿದುಕೊಂಡಿತು. ಯಜಮಾನನಾಗಿದ್ದವನು ನಾಯಕನ ಗೆಳೆಯನಾದ, ಮನೆಯಾಳಾದ, ಪೆದ್ದ ಭಾವನಾದ.

ಹಾಗಾಗಿ ನಾನು ಬಾಲಕೃಷ್ಣ ಅವರ ಸ್ಟುಡಿಯೊವನ್ನು ಹುಂಬತನವೆಂದು ಓದುವುದಿಲ್ಲ, ಹೋದ ಯಜಮಾನಿಕೆಯನ್ನು ಮರಳಿ ಪಡೆಯುವ ಹಟವೆಂದು ಓದುತ್ತೇನೆ. 1960ರಲ್ಲಿ ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಒಟ್ಟಾಗಿ ‘ರಣಧೀರ ಕಂಠೀರವ’ ನಿರ್ಮಿಸಿದರು. ಆ ನಾಲ್ವರಲ್ಲಿ ಇಬ್ಬರು ನಾವು ಹಾಸ್ಯನಟರೆಂದು ಬದಿಗಿಟ್ಟವರು. ಆಗ ಕನ್ನಡ ಚಿತ್ರಗಳು ಹೆಚ್ಚಾಗಿ ಮದ್ರಾಸಿನಲ್ಲಿ ತಯಾರಾಗುತ್ತಿದ್ದವು. ಕನ್ನಡದ ನೆಲದಲ್ಲೇ ಆ ಕೆಲಸ ನಡೆಯಲಿ ಎಂದು ಬಾಲಕೃಷ್ಣ ಸರ್ಕಾರದಿಂದ ಕೆಂಗೇರಿ ಬಳಿ 20 ಎಕರೆ ಪಡೆದು ಅಭಿಮಾನ್ ಕಟ್ಟಿದರು. ತಿಪಟೂರಿನ ನರಸಿಂಹರಾಜು 1974ರಲ್ಲಿ ‘ಪ್ರೊಫೆಸರ್ ಹುಚ್ಚೂರಾಯ’ವನ್ನು ತಾವೇ ನಿರ್ಮಿಸಿ ಮುಖ್ಯಪಾತ್ರ ವಹಿಸಿದರು. ನಗಿಸುವವನು ಕಥೆಯ ನಡುವೆ ನಿಲ್ಲಬೇಕಾದರೆ ತಾನೇ ದುಡ್ಡು ಹಾಕಬೇಕಾಯಿತು.

ಬಂಗಾಳದವರು ಈ ವಿಷಯದಲ್ಲಿ ಸ್ವಲ್ಪ ಮುಂದಿದ್ದರು. ಢಾಕಾ ಕಡೆಯ ಬಂಗಾಳಿಯನ್ನೇ ತನ್ನ ಗುರುತು ಮಾಡಿಕೊಂಡ ಭಾನು ಬಂದ್ಯೋಪಾಧ್ಯಾಯರ ಹೆಸರು ಚಿತ್ರಗಳ ಶೀರ್ಷಿಕೆಗೇ ಏರಿತು: ‘ಭಾನು ಪೇಲೊ ಲಾಟರಿ’, ‘ಭಾನು ಗೋಯೆಂದಾ ಜಹರ್ ಅಸಿಸ್ಟೆಂಟ್’. ಚಿಕ್ಕ ಪಾತ್ರಗಳಲ್ಲೇ ಜೀವನ ಕಳೆದ ತುಳಸಿ ಚಕ್ರವರ್ತಿಯವರನ್ನು ಸತ್ಯಜಿತ್ ರಾಯ್ 1958ರ ‘ಪರಶ್ ಪಾಥರ್’ನಲ್ಲಿ ನಾಯಕನನ್ನಾಗಿ ಮಾಡಿದರು. ಹಾಗೆಂದು ಅದೇನು ಸ್ವರ್ಗವಲ್ಲ; ತುಳಸಿಬಾಬು 1961ರಲ್ಲಿ ತೀರಿಕೊಂಡದ್ದು ಬಡತನದಲ್ಲೇ. ಆದರೂ ಒಬ್ಬ ದೊಡ್ಡ ನಿರ್ದೇಶಕ ಅವರ ಮುಖದಲ್ಲಿ ಒಂದು ಪೂರ್ತಿ ಚಿತ್ರವನ್ನು ಕಂಡ. ಕನ್ನಡದ ಹೊಸ ಅಲೆಯ ಜಾಣರು ಬಾಲಕೃಷ್ಣ ಅವರ ಮುಖದಲ್ಲಿ ಏನು ಕಂಡರು?

ಎರಡು ಆಕ್ಷೇಪಣೆಗಳು ಬರುತ್ತವೆ. ಆ ಕಾಲದ ಹಾಸ್ಯ ಒರಟು, ತೊದಲುವವರನ್ನೂ ಕಿವುಡರನ್ನೂ ಆಡಿಕೊಂಡಿತು ಎನ್ನುತ್ತಾರೆ. ಹೌದು, ಆಡಿಕೊಂಡಿತು. ಅದನ್ನು ಟೀಕಿಸೋಣ. ಆದರೆ ಟೀಕಿಸಬೇಕಾದರೂ ಮೊದಲು ಕಣ್ಣಿಟ್ಟು ನೋಡಬೇಕಲ್ಲ? ನಾವು ನೋಡಲೇ ಇಲ್ಲ, ನಕ್ಕು ಎದ್ದು ಬಂದೆವು. ಸ್ಟುಡಿಯೊ ಏಳಿಗೆಯಾಗಲಿಲ್ಲ, ಸಾಲವೇ ಉಳಿಯಿತು, ಇನ್ನೇನು ಕೊಂಡಾಡುವುದು ಎಂಬುದು ಎರಡನೆಯದು. ಸಾಲ ಮಾಡಿ ಸೋತ ಕವಿಯನ್ನೋ ಪತ್ರಿಕೆಯ ಸಂಪಾದಕನನ್ನೋ ನಾವು ಹುತಾತ್ಮನೆಂದು ಪೂಜಿಸುತ್ತೇವೆ. ಹಾಸ್ಯಗಾರ ಸೋತರೆ ಮಾತ್ರ ಅದು ವ್ಯವಹಾರಜ್ಞಾನದ ಕೊರತೆಯಾಗುತ್ತದೆ.

ಪ್ರತಿಮೆ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಪ್ರತಿಮೆಗೆ ಮತ್ತೆ ಜಾಗದ ಜಗಳ ಶುರುವಾಗುತ್ತದೆ. ಸಿನಿಮಾ ಕುರಿತು ಪ್ರಬಂಧ ಬರೆಯುವ ವಿದ್ಯಾರ್ಥಿ ಬಾಲಕೃಷ್ಣ ಅವರ ಅಭಿನಯವನ್ನು ಮುಖ್ಯ ವಿಷಯವಾಗಿ ಆರಿಸಿಕೊಂಡರೆ ಮಾರ್ಗದರ್ಶಕರು ಮೂಗು ಮುರಿಯದಿರಲಿ. ನಮ್ಮ ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯಂಥ ರಂಗಶಾಲೆಗಳಲ್ಲಿ, ತುಟಿ ನೋಡಿ ಮಾತು ಹಿಡಿದ ಆ ನಟನ ಲಯ ಒಂದು ವಾರದ ಪಾಠವಾಗಲಿ. ಕೋಟೆಯಲ್ಲಿ ಬಂಡೆ ತೋರಿಸುವ ನನ್ನಂಥವರು ರಾಮಾಚಾರಿಯ ಜೊತೆಗೆ ಆ 20 ಎಕರೆಯ ಕಥೆಯನ್ನೂ ಹೇಳೋಣ. 1995ರಲ್ಲಿ ಬಾಲಕೃಷ್ಣ ತೀರಿಕೊಂಡರು. ಈ ಮೂರರಲ್ಲಿ ಒಂದಕ್ಕೂ ಸರ್ಕಾರದ ಅನುದಾನ ಬೇಕಿಲ್ಲ.