ಟೈರು ಬದಲಾದ ಮೇಲೆ ಬೆಳಗುವ ಹಳದಿ ದೀಪ: ಹೊಣೆ ಯಾರದು?

ಶನಿವಾರ ಸಂಜೆ ಕಾರಿನ ನಾಲ್ಕೂ ಟೈರುಗಳನ್ನು ಬದಲಾಯಿಸಿಕೊಂಡು, ಹಣ ತೆತ್ತು, ಸಂತೋಷದಿಂದ ಮನೆಗೆ ಮರಳಿದ ಗ್ರಾಹಕನು ಸೋಮವಾರ ಬೆಳಿಗ್ಗೆ ಮಳಿಗೆಯ ಬಾಗಿಲು ತೆರೆಯುವ ಮೊದಲೇ ಬಂದು ನಿಂತಿರುತ್ತಾನೆ. ಡ್ಯಾಶ್‌ಬೋರ್ಡಿನಲ್ಲಿ ಲಾಳದ ಆಕಾರದೊಳಗೆ ಆಶ್ಚರ್ಯಸೂಚಕ ಚಿಹ್ನೆಯುಳ್ಳ ಹಳದಿ ದೀಪವೊಂದು ಬೆಳಗುತ್ತಿದೆ. "ಟೈರು ಹಾಕಿಸುವ ಮೊದಲು ಇದು ಇರಲಿಲ್ಲ" ಎಂಬುದು ಅವನ ವಾದ. "ನಾವು ಟೈರು ಹಾಕಿದ್ದೇವೆಯೇ ಹೊರತು ಕಾರಿನ ಎಲೆಕ್ಟ್ರಾನಿಕ್ಸ್ ಮುಟ್ಟಿಲ್ಲ" ಎಂಬುದು ಮಳಿಗೆಯವರ ಉತ್ತರ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಇಬ್ಬರಲ್ಲಿ ಯಾರ ಬಳಿಯೂ ತಮ್ಮ ಮಾತಿಗೆ ಆಧಾರವಿಲ್ಲ. ಟೈರು ವ್ಯಾಪಾರದಲ್ಲಿ ಲಾಭಾಂಶ ತೆಳುವಾದುದು. ಒಂದು ಸೆನ್ಸರಿನ ಬೆಲೆಯನ್ನು ಕೈಯಿಂದ ಭರಿಸಿದರೆ ಆ ವ್ಯವಹಾರದ ಲಾಭ ಕರಗಿಹೋಗುತ್ತದೆ. ಭರಿಸದಿದ್ದರೆ ಗ್ರಾಹಕನು ಶಾಶ್ವತವಾಗಿ ಅಧಿಕೃತ ಸರ್ವಿಸ್ ಕೇಂದ್ರದ ಪಾಲಾಗುತ್ತಾನೆ.

ಈ ದೀಪದ ಹಿಂದಿರುವುದು ಟೈರಿನೊಳಗಿನ ಗಾಳಿಯ ಒತ್ತಡದ ಮೇಲೆ ಸದಾ ಕಣ್ಣಿಡುವ ವ್ಯವಸ್ಥೆ. ವ್ಯಾಪಾರ ವಲಯದಲ್ಲಿ ಇದು ಟಿಪಿಎಂಎಸ್ ಎಂದೇ ಪರಿಚಿತ. ಟೈರಿನ ಮೇಲ್ಪದರ ಕಳಚಿ ಸಂಭವಿಸಿದ ಅಪಘಾತಗಳಿಂದಾಗಿ 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಟೈರುಗಳನ್ನು ಭಾರೀ ಪ್ರಮಾಣದಲ್ಲಿ ಹಿಂಪಡೆಯಬೇಕಾಯಿತು. ಅದೇ ವರ್ಷ ಅಲ್ಲಿನ ಸಂಸತ್ತು ಕಾಯಿದೆಯೊಂದನ್ನು ಅಂಗೀಕರಿಸಿತು. ಅದರ ಫಲವಾಗಿ 2007ರ ಸೆಪ್ಟೆಂಬರಿನಿಂದ ಅಲ್ಲಿ ತಯಾರಾಗುವ ಎಲ್ಲ ಹೊಸ ಕಾರುಗಳಿಗೆ ಈ ವ್ಯವಸ್ಥೆ ಕಡ್ಡಾಯವಾಯಿತು. ಐರೋಪ್ಯ ಒಕ್ಕೂಟದಲ್ಲಿ 2014ರ ನವೆಂಬರಿನಿಂದ ಎಲ್ಲ ಹೊಸ ಕಾರುಗಳೂ ಇದರ ವ್ಯಾಪ್ತಿಗೆ ಬಂದವು. ಭಾರತದಲ್ಲಿ ಸರ್ಕಾರವು ಬೇರೆ ದಾರಿ ಹಿಡಿಯಿತು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2020ರಲ್ಲಿ ತಂದ ತಿದ್ದುಪಡಿಯಂತೆ, 3.5 ಟನ್ ಮೀರದ ವಾಹನದಲ್ಲಿ ಟ್ಯೂಬ್‌ರಹಿತ ಟೈರು, ಟೈರು ದುರಸ್ತಿ ಕಿಟ್ ಹಾಗೂ ಒತ್ತಡ ಸೂಚಕ ವ್ಯವಸ್ಥೆ ಇದ್ದಲ್ಲಿ ಸ್ಟೆಪ್ನಿ ಇರಲೇಬೇಕೆಂಬ ಬಂಧನವಿಲ್ಲ. ಕಡ್ಡಾಯವಲ್ಲ, ಉತ್ತೇಜನ. ಈ ವಿನಾಯಿತಿಯ ಜೊತೆಗೆ ಗ್ರಾಹಕರ ಅಭಿರುಚಿಯೂ ಸೇರಿ, ಒಂದು ಕಾಲಕ್ಕೆ ದುಬಾರಿ ಕಾರುಗಳ ಆಭರಣವಾಗಿದ್ದ ಈ ವ್ಯವಸ್ಥೆ ಇಂದು ಮಧ್ಯಮ ದರ್ಜೆಯ ಕಾರುಗಳಲ್ಲೂ ಸಾಮಾನ್ಯವಾಗಿದೆ.

ವಿವಾದಗಳು ಈಗ ಹೆಚ್ಚುವುದಕ್ಕೆ ಸರಳವಾದ ಕಾರಣವೊಂದಿದೆ. ಸೆನ್ಸರಿನೊಳಗಿನ ಲೀಥಿಯಂ ಬ್ಯಾಟರಿಯನ್ನು ಮುಚ್ಚಿ ಅಂಟಿಸಿರುತ್ತಾರೆ. ಅದನ್ನು ಪ್ರತ್ಯೇಕವಾಗಿ ಬದಲಿಸುವಂತಿಲ್ಲ. ಅದರ ಆಯುಷ್ಯ ಸಾಮಾನ್ಯವಾಗಿ 5ರಿಂದ 10 ವರ್ಷ. ಕಾರು ಎರಡನೆಯ ಅಥವಾ ಮೂರನೆಯ ಸಲ ಟೈರು ಬದಲಾವಣೆಗೆ ಬರುವ ಕಾಲಕ್ಕೂ ಸೆನ್ಸರಿನ ಬ್ಯಾಟರಿ ಸೊರಗುವ ಕಾಲಕ್ಕೂ ಹೆಚ್ಚಿನ ಅಂತರವಿರುವುದಿಲ್ಲ. ಇಂದೋ ನಾಳೆಯೋ ನಿಲ್ಲಬೇಕಾಗಿದ್ದ ಸೆನ್ಸರು ಟೈರು ಬದಲಿಸಿದ ಮರುದಿನವೇ ನಿಂತರೆ, ಕಡೆಯ ಬಾರಿ ಗಾಲಿಯನ್ನು ಬಿಚ್ಚಿದವನ ಮೇಲೆ ಅಪವಾದ ಬರುವುದು ಸಹಜ.

ಹಾಗೆಂದು ಪ್ರತಿಯೊಂದು ದೂರನ್ನೂ ಬ್ಯಾಟರಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ದೀಪ ಬೆಳಗುವ ಕಾರಣಗಳನ್ನು ಬೇರ್ಪಡಿಸಿ ನೋಡಬೇಕು. ಮೊದಲನೆಯದಾಗಿ, ಕಾರಿನಲ್ಲಿರುವ ವ್ಯವಸ್ಥೆ ಯಾವ ಬಗೆಯದು ಎಂಬುದನ್ನು ತಿಳಿಯದೆ ಮಾತನಾಡುವಂತಿಲ್ಲ. ಕೆಲವು ಕಾರುಗಳಲ್ಲಿ ಟೈರಿನೊಳಗೆ ಸೆನ್ಸರೇ ಇರುವುದಿಲ್ಲ. ಎಬಿಎಸ್ ಬ್ರೇಕಿಗಾಗಿ ಅಳವಡಿಸಿದ ಸೆನ್ಸರುಗಳು ಪ್ರತಿ ಗಾಲಿಯ ತಿರುಗುವಿಕೆಯನ್ನು ಎಣಿಸುತ್ತವೆ. ಗಾಳಿ ಕಡಿಮೆಯಾದ ಗಾಲಿ ತುಸು ಹೆಚ್ಚು ಸುತ್ತು ತಿರುಗುವುದರಿಂದ ವ್ಯತ್ಯಾಸ ಗೊತ್ತಾಗುತ್ತದೆ. ಸವೆದ ಟೈರಿನ ಜಾಗದಲ್ಲಿ ಹೊಸ ಟೈರು ಬಂದಾಗ ಸುತ್ತಳತೆಯೇ ಬದಲಾಗುವ ಕಾರಣ, ಇಂತಹ ಕಾರಿನಲ್ಲಿ ಸರಿಯಾದ ಗಾಳಿ ತುಂಬಿ, ಗುಂಡಿ ಒತ್ತಿ ಅಥವಾ ಪರದೆಯ ಮೆನುವಿನ ಮೂಲಕ ವ್ಯವಸ್ಥೆಯನ್ನು ಮರುಹೊಂದಿಸಬೇಕು. ಎರಡು ನಿಮಿಷದ ಕೆಲಸ; ಕಾರಿನ ಕೈಪಿಡಿಯಲ್ಲೇ ವಿವರವಿರುತ್ತದೆ. ಇದನ್ನು ಮಾಡದೆ ಕಾರನ್ನು ಕಳುಹಿಸಿದ ಮಳಿಗೆಯು ಬೇರಾರನ್ನೂ ದೂಷಿಸುವಂತಿಲ್ಲ. ಇಂತಹ ಕಾರಿಗೆ ಸೆನ್ಸರು ಹೋಗಿದೆ, ಹೊಸದು ಹಾಕಬೇಕು ಎಂದು ಹೇಳುವವರೂ ಇದ್ದಾರೆಂದರೆ ಅದನ್ನು ಅಜ್ಞಾನವೆನ್ನಬೇಕೋ ಮತ್ತೇನೆನ್ನಬೇಕೋ ಓದುಗರೇ ನಿರ್ಧರಿಸಬಹುದು.

ಎರಡನೆಯ ಬಗೆಯಲ್ಲಿ ಪ್ರತಿ ಗಾಲಿಯೊಳಗೂ ವಾಲ್ವಿನ ಬುಡಕ್ಕೆ ಜೋಡಿಸಿದ ಸೆನ್ಸರು ಇದ್ದು, ಒತ್ತಡವನ್ನು ಅಳೆದು ರೇಡಿಯೋ ತರಂಗದ ಮೂಲಕ ಕಾರಿಗೆ ತಿಳಿಸುತ್ತದೆ. ಬ್ಯಾಟರಿಯನ್ನು ಉಳಿಸಲು ಅದು ಕಾರು ನಿಂತಾಗ ನಿದ್ರಿಸುತ್ತದೆ. ಕಾರು ವೇಗ ಹಿಡಿದ ಮೇಲಷ್ಟೇ ಎಚ್ಚರಗೊಳ್ಳುತ್ತದೆ. ಆದುದರಿಂದ ಮಳಿಗೆಯ ಅಂಗಳದಲ್ಲಿ ಕಾಣುವ ದೀಪ ಹತ್ತಿಪ್ಪತ್ತು ನಿಮಿಷದ ಓಡಾಟದ ನಂತರ ತಾನಾಗಿ ಆರುವುದುಂಟು. ದೀಪವು ಸ್ಥಿರವಾಗಿ ಉರಿಯುತ್ತಿದ್ದರೆ ಗಾಳಿ ಕಡಿಮೆಯಿದೆಯೆಂದು ಅರ್ಥ. ಕಾರನ್ನು ಚಾಲೂ ಮಾಡಿದಾಗ ಒಂದು ನಿಮಿಷಕ್ಕೂ ಮೀರಿ ಮಿನುಗಿ ಅನಂತರ ಸ್ಥಿರವಾದರೆ, ಅನೇಕ ಕಾರುಗಳಲ್ಲಿ ಅದು ವ್ಯವಸ್ಥೆಯಲ್ಲಿಯೇ ದೋಷವಿದೆಯೆಂಬ ಸೂಚನೆ. ಈ ಒಂದು ಭೇದವನ್ನು ಕೌಂಟರಿನಲ್ಲಿ ಕುಳಿತವರು ಅರಿತಿದ್ದರೆ ಅರ್ಧದಷ್ಟು ವಾಗ್ವಾದಗಳು ಆರಂಭವಾಗುವ ಮೊದಲೇ ಮುಗಿದಾವು.

ಗಾಳಿ ಕಡಿಮೆಯೆಂಬ ಸೂಚನೆಯ ಹಿಂದೆ ಬಹಳಷ್ಟು ಸಲ ಇರುವುದು ಹಳೆಯ ರೂಢಿ. ಚಾಲಕನ ಬಾಗಿಲಿನ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿ ಆ ಕಾರಿಗೆ ಬೇಕಾದ ಒತ್ತಡ ಎಷ್ಟೆಂದು ಮುದ್ರಿಸಿದ್ದರೂ, ಯಾವ ಕಾರು ಬಂದರೂ ಒಂದೇ ಅಂಕಿಗೆ ಗಾಳಿ ತುಂಬುವ ಕೈಗಳು ಇನ್ನೂ ಇವೆ. ಚೀಟಿಯ ಒತ್ತಡವು ತಣ್ಣಗಿನ ಟೈರಿಗೆ ಸಂಬಂಧಿಸಿದ್ದು. ಉಷ್ಣತೆ ಸುಮಾರು 5.5 ಡಿಗ್ರಿ ಸೆಲ್ಸಿಯಸ್ ಇಳಿದಾಗ ಒತ್ತಡ ಸರಿಸುಮಾರು 1 ಪಿಎಸ್‌ಐ ಕುಸಿಯುತ್ತದೆ. ಕಲಬುರಗಿಯ ಬಿಸಿಲಿನಲ್ಲಿ ಓಡಿ ಕಾದ ಟೈರಿಗೆ ಚೀಟಿಯ ಅಂಕಿಯಷ್ಟೇ ಗಾಳಿ ತುಂಬಿದರೆ ಮರುದಿನ ಮುಂಜಾನೆ ಅದು ಹಲವು ಪಿಎಸ್‌ಐ ಕೊರತೆಯಲ್ಲಿರುತ್ತದೆ. ಅಷ್ಟರಿಂದಲೇ ದೀಪ ಹೊತ್ತದಿದ್ದರೂ, ಒಂದೆರಡು ತಿಂಗಳ ಸಹಜ ಸೋರಿಕೆಯೂ ಸೇರಿದಾಗ ಹೊತ್ತುವುದು.

ಇನ್ನು ನಿಜವಾದ ಹಾನಿಯ ಮಾತು. ಟೈರು ಕಳಚುವ ಯಂತ್ರದ ಒತ್ತುಪಟ್ಟಿಯನ್ನು ವಾಲ್ವಿನ ಸಮೀಪದಲ್ಲೇ ಇಟ್ಟರೆ, ಅಥವಾ ಹೊಸ ಟೈರಿನ ಅಂಚನ್ನು ಸೆನ್ಸರಿನ ಮೇಲೆಯೇ ಎಳೆದರೆ, ಪ್ಲಾಸ್ಟಿಕ್ ಕವಚ ಒಡೆಯುವುದು ಕ್ಷಣಮಾತ್ರದ ಕೆಲಸ. ವಾಲ್ವಿನಿಂದ ದೂರದಲ್ಲಿ ಒತ್ತುವುದು, ಕೊನೆಯಲ್ಲಿ ಅಂಚು ಸೆನ್ಸರಿಗೆ ತಾಗದಂತೆ ಗಾಲಿಯನ್ನು ತಿರುಗಿಸಿ ಕೂರಿಸುವುದು, ಇವು ಕಲಿತ ಕೈಗೆ ಕಷ್ಟವಲ್ಲ. ಆದರೆ ಒಳಗೆ ಸೆನ್ಸರಿದೆ ಎಂಬ ಅರಿವಾದರೂ ಇರಬೇಕು. ಅಲ್ಯೂಮಿನಿಯಂ ವಾಲ್ವಿಗೆ ಸಾಮಾನ್ಯ ಹಿತ್ತಾಳೆಯ ಕೋರನ್ನು ತಿರುಗಿಸಿ ಬಿಟ್ಟರೆ ಎರಡು ಲೋಹಗಳ ನಡುವೆ ತುಕ್ಕು ಬೆಳೆದು ಮುಂದಿನ ಸಲ ಬಿಚ್ಚುವಾಗ ವಾಲ್ವೇ ಮುರಿಯುತ್ತದೆ. ನಿಕ್ಕಲ್ ಲೇಪಿತ ಕೋರನ್ನೇ ಬಳಸಬೇಕು. ನಟ್ಟನ್ನು ಅಂದಾಜಿನ ಮೇಲೆ ಬಿಗಿಯದೆ ತಯಾರಕರು ಹೇಳಿದ ಮಿತಿಯಲ್ಲಿ ಬಿಗಿಯಬೇಕು. ಪಂಕ್ಚರ್ ಮುಚ್ಚಲು ಸುರಿದ ದ್ರಾವಣವು ಸೆನ್ಸರಿನ ಒತ್ತಡ ಅಳೆಯುವ ಸಣ್ಣ ರಂಧ್ರವನ್ನು ಮುಚ್ಚಿಬಿಡುವುದೂ ಉಂಟು. ಸ್ಟೆಪ್ನಿಯ ಬದಲು ದುರಸ್ತಿ ಕಿಟ್ಟನ್ನು ನೀಡಿದ ಕಾರುಗಳಲ್ಲಿ, ಸೆನ್ಸರನ್ನು ನಂಬಿ ಕೊಟ್ಟ ವಿನಾಯಿತಿಯೇ ಸೆನ್ಸರಿಗೆ ಅಂಟು ಮೆತ್ತುವ ಸಂದರ್ಭವನ್ನು ಸೃಷ್ಟಿಸಿರುವುದು ವಿಚಿತ್ರ. ಅಗ್ಗದ ಆನ್‌ಲೈನ್ ಸೆನ್ಸರುಗಳ ಕಥೆ ಬೇರೆಯೇ. ಅಮೆರಿಕದ ಕಾರುಗಳಲ್ಲಿ ಬಹುತೇಕ ಬಳಕೆಯಲ್ಲಿರುವ 315 ಮೆಗಾಹರ್ಟ್ಸ್ ಸೆನ್ಸರು, ಇಲ್ಲಿ ಸಾಮಾನ್ಯವಾಗಿರುವ 433 ಮೆಗಾಹರ್ಟ್ಸ್ ವ್ಯವಸ್ಥೆಯ ಕಾರಿನಲ್ಲಿ ಎಂದಿಗೂ ಮಾತನಾಡದು.

ಹೀಗಿರುವಾಗ ಹೊಣೆಯ ಪ್ರಶ್ನೆಗೆ ಉತ್ತರವು ಟೈರನ್ನು ಕಳಚುವ ಮೊದಲೇ ಸಿದ್ಧವಾಗಬೇಕು. ಕಾರು ಒಳಗೆ ಬಂದಾಗ ದೀಪ ಬೆಳಗುತ್ತಿದೆಯೇ ಇಲ್ಲವೇ, ವ್ಯವಸ್ಥೆ ಯಾವ ಬಗೆಯದು, ನಾಲ್ಕು ಸೆನ್ಸರುಗಳೂ ಉತ್ತರಿಸುತ್ತಿವೆಯೇ, ವಾಲ್ವಿಗೆ ತುಕ್ಕು ಹಿಡಿದಿದೆಯೇ ಎಂಬುದನ್ನು ಜಾಬ್ ಕಾರ್ಡಿನಲ್ಲಿ ಬರೆದು ಗ್ರಾಹಕನ ಸಹಿ ಪಡೆಯಬೇಕು. ಐದು ನಿಮಿಷದ ಕೆಲಸವಿದು. ಕಳಚುವ ಮೊದಲು ಉತ್ತರಿಸುತ್ತಿದ್ದ ಸೆನ್ಸರು ಯಂತ್ರದಲ್ಲಿ ಒಡೆದಿದ್ದರೆ ಅದರ ಬೆಲೆಯನ್ನು ಮಳಿಗೆಯೇ ಭರಿಸಬೇಕು, ಚೌಕಾಶಿಗೆ ಅವಕಾಶವಿಲ್ಲ. ಮೊದಲೇ ಮೌನವಾಗಿದ್ದ ಸೆನ್ಸರಿನ ಭಾರ ಕಾರಿನ ಮಾಲೀಕನದು. ತುಕ್ಕು ಹಿಡಿದ ವಾಲ್ವು ಬಿಚ್ಚುವಾಗ ಮುರಿಯಬಹುದೆಂದು ಬರಹದಲ್ಲಿ ಎಚ್ಚರಿಸಿದ್ದರೆ ಅದೂ ಮಾಲೀಕನದು, ಎಚ್ಚರಿಸದಿದ್ದರೆ ಮಳಿಗೆಯದು. ಪರೀಕ್ಷಿಸದೆಯೇ ಟೈರು ಕಳಚಿದವರು ಸಂದೇಹದ ಲಾಭವನ್ನು ಕೇಳುವಂತಿಲ್ಲ. ಈ ಮಾತು ವ್ಯಾಪಾರಿಗಳಿಗೆ ಕಠಿಣವೆನಿಸಬಹುದು. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಸೇವಾ ನ್ಯೂನತೆಯ ದೂರು ಜಿಲ್ಲಾ ಆಯೋಗದ ಮುಂದೆ ಹೋದಾಗ, ಕಾಗದವಿಲ್ಲದವನ ಪಾಡು ಇದಕ್ಕಿಂತಲೂ ಕಠಿಣ. ಬಿಲ್ಲು ಕೊಡದಿರುವುದನ್ನೇ ಆ ಕಾಯಿದೆ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ.

ಸೆನ್ಸರನ್ನು ಎಬ್ಬಿಸಿ ಮಾತನಾಡಿಸುವ ಉಪಕರಣದ ಬೆಲೆ ಸಣ್ಣ ಮಳಿಗೆಗೆ ಹೊರೆ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ವಾರಕ್ಕೆ ಎರಡು ಇಂತಹ ಕಾರು ಕಾಣುವ ತಾಲ್ಲೂಕು ಕೇಂದ್ರದ ಅಂಗಡಿ ಅದನ್ನು ಏಕೆ ಕೊಳ್ಳಬೇಕು? ಒಂದೇ ಪೇಟೆಯ ಮೂರು ನಾಲ್ಕು ಮಳಿಗೆಗಳು ಸೇರಿ ಒಂದನ್ನು ಕೊಂಡು ಬಳಸುವುದು ಸಾಧ್ಯ. ಬಿಡಿಭಾಗಗಳ ಸಗಟು ವ್ಯಾಪಾರಿಯೇ ಅದನ್ನಿಟ್ಟುಕೊಂಡು ಗೊತ್ತಾದ ಶುಲ್ಕಕ್ಕೆ ಸೇವೆ ಒದಗಿಸುವುದೂ ಸಾಧ್ಯ. ಆದರೆ ಉಪಕರಣವೊಂದರಿಂದಲೇ ಎಲ್ಲವೂ ಆಗದು. ಕೆಲವು ಕಾರುಗಳು ಹೊಸ ಸೆನ್ಸರಿನ ಗುರುತನ್ನು ಓಡಾಟದಲ್ಲಿ ತಾವಾಗಿಯೇ ಕಲಿಯುತ್ತವೆ; ಕೆಲವಕ್ಕೆ ನಿಂತಲ್ಲೇ ಗಾಲಿಯಿಂದ ಗಾಲಿಗೆ ಹೋಗಿ ಕಲಿಸಬೇಕು; ಇನ್ನು ಕೆಲವಕ್ಕೆ ಒಬಿಡಿ ಪೋರ್ಟಿನ ಮೂಲಕ ಬರೆಯಬೇಕು. ಯಾವ ಕಾರಿಗೆ ಯಾವ ಕ್ರಮವೆಂಬ ಮಾಹಿತಿಯು ತಯಾರಕರ ಕೈಯಲ್ಲಿದೆ.

ಇಲ್ಲಿ ವ್ಯಾಪಾರಿ ಸಂಘಗಳಿಗೆ ಕೆಲಸವಿದೆ. ಬಿಡಿಭಾಗಗಳನ್ನೂ ತಪಾಸಣಾ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ದೊರೆಯದಂತೆ ತಡೆದ ಆರೋಪದ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಪ್ರಕರಣವು ಮೇಲ್ಮನವಿಗಳ ದಾರಿ ಹಿಡಿಯಿತಾದರೂ, ಪ್ರಶ್ನೆಯು ಅಂದೇ ಸಾರ್ವಜನಿಕವಾಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿಯ ಹಕ್ಕು' ಜಾಲತಾಣವನ್ನು ಆರಂಭಿಸಿ, ಅದರಲ್ಲಿ ವಾಹನಗಳನ್ನೂ ಸೇರಿಸಿತು. ಸೆನ್ಸರು ಕಲಿಸುವ ಕ್ರಮವನ್ನು ಮಾದರಿವಾರು ಆ ಜಾಲತಾಣದಲ್ಲಿ ಪ್ರಕಟಿಸಬೇಕೆಂದು ಒತ್ತಾಯಿಸುವುದು ಯಾವ ತಯಾರಕರ ವ್ಯಾಪಾರ ರಹಸ್ಯಕ್ಕೂ ಧಕ್ಕೆ ತರುವ ಬೇಡಿಕೆಯಲ್ಲ. ಸುರಕ್ಷತೆಗೆಂದು ಅಳವಡಿಸಿದ ದೀಪವನ್ನು ಆರಿಸಲಾಗದೆ ಗ್ರಾಹಕನು ಅದನ್ನು ನಿರ್ಲಕ್ಷಿಸಲು ಕಲಿತರೆ, ನಿಜವಾಗಿ ಗಾಳಿ ಇಳಿದ ದಿನ ಹೆದ್ದಾರಿಯಲ್ಲಿ ಅದರ ಬೆಲೆ ತೆರುವವನು ಅವನೇ.

ಸಣ್ಣ ಕೈಗಾರಿಕೆಗಳೂ ಈ ವಿಷಯದತ್ತ ಕಣ್ಣು ಹಾಯಿಸಬಹುದು. ಪ್ರತಿ ಸಲ ಟೈರು ಬದಲಿಸುವಾಗ ಸೆನ್ಸರನ್ನು ಉಳಿಸಿಕೊಂಡರೂ ರಬ್ಬರು ಗ್ರಾಮೆಟ್, ವಾಷರು, ನಟ್ಟು, ಕೋರು, ಮುಚ್ಚಳ ಇವನ್ನು ಹೊಸದಾಗಿ ಹಾಕುವುದು ಸರಿಯಾದ ಕ್ರಮ. ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಲೇತ್ ಹಾಗೂ ರಬ್ಬರು ಅಚ್ಚಿನ ಘಟಕಗಳಿಗೆ ಇವು ಅಪರಿಚಿತ ವಸ್ತುಗಳಲ್ಲ. ಆದರೆ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವಾದರೂ ಗಾಳಿ ಸೋರುತ್ತದೆ. ಲೇಪನದಲ್ಲಿ ಉಳಿತಾಯ ಮಾಡಿದರೆ ವಾಲ್ವು ಮುರಿಯುತ್ತದೆ. ಅಗ್ಗದ ಮಾಲಿನ ಪೈಪೋಟಿಗೆ ಇಳಿಯುವವರು ಈ ಕ್ಷೇತ್ರಕ್ಕೆ ಬಾರದಿರುವುದೇ ಒಳಿತು.

ಬಿಲ್ಲಿನ ವಿಷಯದಲ್ಲಿ ಹಿಂದೆ ಒಂದು ತೊಡಕಿತ್ತು. ಹೊಸ ಟೈರಿಗೆ ಶೇ. 28 ಜಿಎಸ್‌ಟಿ, ಕೂಲಿಗೆ ಶೇ. 18, ಒಟ್ಟಿಗೆ ಬಿಲ್ಲು ಮಾಡಿದರೆ ಸಂಯುಕ್ತ ಪೂರೈಕೆಯೆಂದು ಎಲ್ಲಕ್ಕೂ ಟೈರಿನ ದರವೇ ಅನ್ವಯವಾದೀತೆಂಬ ಅಳುಕು. 2025ರ ಸೆಪ್ಟೆಂಬರ್ 22ರಿಂದ ಕಾರಿನ ಹೊಸ ಟೈರಿನ ದರವೂ ಶೇ. 18ಕ್ಕೆ ಇಳಿದಿರುವುದರಿಂದ ಆ ಅಳುಕಿಗೆ ಕಾರಣವಿಲ್ಲ. ವಾಲ್ವಿನ ಕಿಟ್ಟಿಗೆ ಒಂದು ಸಾಲು, ಸೆನ್ಸರು ತಪಾಸಣೆ ಮತ್ತು ಮರುಹೊಂದಾಣಿಕೆಗೆ ಮತ್ತೊಂದು ಸಾಲು ಬಿಲ್ಲಿನಲ್ಲಿ ಬರಲಿ. ಆ ದುಡಿಮೆಗೆ ತಕ್ಕ ಶುಲ್ಕವನ್ನು ಮಳಿಗೆಯವರು ಸಂಕೋಚವಿಲ್ಲದೆ ಪಡೆಯಲಿ. ಕಾರನ್ನು ಒಪ್ಪಿಸುವಾಗ, ಇಪ್ಪತ್ತು ನಿಮಿಷ ಓಡಿಸಿದ ಮೇಲೂ ದೀಪ ಆರದಿದ್ದರೆ ವಾರದೊಳಗೆ ಬಂದು ಉಚಿತವಾಗಿ ತೋರಿಸಬಹುದೆಂದು ಅದೇ ಬಿಲ್ಲಿನ ಕೆಳಗೆ ಅಚ್ಚು ಹಾಕಿಸಿದರೆ, ಸೋಮವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತಿರುವ ಗ್ರಾಹಕನು ಜಗಳಕ್ಕೆ ಬಂದವನಾಗಿರುವುದಿಲ್ಲ.